ಸತ್ತಿಲ್ಲ, ಮಲಗೇತಿ: ಕುಂಡದ ಕ್ಯಾಲಾ ಲಿಲ್ಲಿಯ ಆರೈಕೆ

(ಕೊಪ್ಪಳದಲ್ಲಿ ಕೈತೋಟ ಮಾಡುವವರು ಸೇರಿದ್ದ ಸಭೆಯೊಂದರಲ್ಲಿ, ಸೀಗಿ ಹುಣ್ಣಿಮೆಗೆ ಮುಂಚಿನ ಭಾನುವಾರ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ಶರಣು.

ಮಾತು ಶುರು ಮಾಡುವ ಮುಂಚೆ ಈ ಬಟ್ಟೆ ಚೀಲದಲ್ಲಿರುವುದನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ. ಮೂರು ಗಡ್ಡೆ ಇವೆ. ಮೇಲ್ನೋಟಕ್ಕೆ ಒಣಗಿದ ಸುವರ್ಣಗಡ್ಡೆಯ ಮರಿ ಅನ್ನಬೇಕು, ಹಾಗಿವೆ. ಚಪ್ಪಟೆ, ಕಂದು ಸಿಪ್ಪೆ, ಅಲ್ಲಲ್ಲಿ ಸುಕ್ಕು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದೆಯಲ್ಲ? ಈಗ ಮೇಲ್ಭಾಗವನ್ನು ಬೆಳಕಿಗೆ ಹಿಡಿಯಿರಿ. ಉಂಗುರದಂಥ ಗುರುತುಗಳ ನಡುವೆ ಅಕ್ಕಿಕಾಳಿನಷ್ಟು ಒಂದು ಗುಲಾಬಿ ಮೊನೆ ಕಾಣುತ್ತದೆ. ಅದು ಕಣ್ಣು. ಹೋಳಿ ಹುಣ್ಣಿಮೆ ಕಳೆದ ಮೇಲೆ ಈ ಗಡ್ಡೆಗಳಿಗೆ ಒಂದು ಹನಿ ನೀರು ಹಾಕಿಲ್ಲ. ನಮ್ಮ ಏಪ್ರಿಲ್ ಹೋಯಿತು, ಮೇ ಹೋಯಿತು, ಮಳೆಗಾಲವೂ ಹೋಯಿತು. ಈಗ ತಾನಾಗಿಯೇ ಕಣ್ಣು ಬಿಡುತ್ತಿದೆ.

ಇದು ಕ್ಯಾಲಾ ಲಿಲ್ಲಿಯ ಗಡ್ಡೆ. ಮದುವೆ ಮನೆಯ ಹೂಗುಚ್ಛಗಳಲ್ಲಿ ನೀವು ನೋಡಿರುತ್ತೀರಿ, ಬಿಳಿಯ ಕಾಗದವನ್ನು ಶಂಕುವಿನ ಹಾಗೆ ಸುರುಳಿ ಸುತ್ತಿ ನಡುವೆ ಹಳದಿ ಕಡ್ಡಿ ನಿಲ್ಲಿಸಿದಂಥ ಹೂವು. ಹೂವು ಅಂತ ನಾವು ಕರೆಯುವ ಆ ಸುರುಳಿ ಹೂವಲ್ಲ, ಬಣ್ಣ ತಿರುಗಿದ ಎಲೆ. ಒಳಗಿನ ಕಡ್ಡಿಯ ಮೇಲೆ ಒತ್ತೊತ್ತಾಗಿ ಅಂಟಿಕೊಂಡ ಪುಟ್ಟ ಪುಟ್ಟ ಕಾಳುಗಳೇ ನಿಜವಾದ ಹೂವುಗಳು. ಕೆಳಗೆ ಹೆಣ್ಣು, ಮೇಲೆ ಗಂಡು. ಕೆಸು ಮತ್ತು ಸುವರ್ಣಗಡ್ಡೆ ಹೂ ಬಿಟ್ಟಿದ್ದನ್ನು ಕಂಡವರಿಗೆ ಇದು ಅದೇ ಮನೆತನದ್ದು ಅಂತ ಕೂಡಲೇ ಗೊತ್ತಾಗುತ್ತದೆ. ಲಿಲ್ಲಿ ಕುಲಕ್ಕೂ ಇದಕ್ಕೂ ಸಂಬಂಧವಿಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನು ಕ್ಯಾಲಾ ಎಂಬ ಪಂಗಡಕ್ಕೆ ಸೇರಿಸಿದ. 1826ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಸ್ಪ್ರೆಂಗೆಲ್ ಬೇರೆ ಮಾಡಿ, ಇಟಲಿಯ ಸಸ್ಯಶಾಸ್ತ್ರಜ್ಞ ಜಾಂಟೆಡೆಸ್ಕಿಯ ಹೆಸರಿನಲ್ಲಿ ಜಾಂಟೆಡೆಸ್ಕಿಯಾ ಎಂದು ಕರೆದ. ಹಳೆಯ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದುಕೊಂಡಿತು.

ನನ್ನ ಮನೆಗೆ ಇದು ಬಂದದ್ದು ಊಟಿಯಿಂದ. ನೀಲಗಿರಿಯಲ್ಲಿ ಬಿಳಿ ಕ್ಯಾಲಾ ಹಳ್ಳದ ದಂಡೆಗುಂಟ ತಾನೇ ಬೆಳೆದು ನಿಂತಿರುತ್ತದೆ. ಪ್ರವಾಸಕ್ಕೆ ಹೋದಾಗ ನರ್ಸರಿಯೊಂದರಲ್ಲಿ ಕೊಂಡು, ರಾತ್ರಿಯ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಚಳಿಗಾಲವಿಡೀ ಚೆನ್ನಾಗಿತ್ತು, ಎರಡು ಹೂ ಬಿಟ್ಟಿತು. ಯುಗಾದಿ ಆಗುತ್ತಿದ್ದಂತೆ ಎಲೆ ಹಳದಿಯಾಗತೊಡಗಿದವು. ನೀರು ಸಾಲುತ್ತಿಲ್ಲ ಅಂದುಕೊಂಡೆ. ಒಂದು ಹೊತ್ತು ಹಾಕುತ್ತಿದ್ದವಳು ಎರಡು ಹೊತ್ತು ಹಾಕಿದೆ. ಇನ್ನಷ್ಟು ಹಳದಿಯಾಯಿತು. ಒಂದು ಹಿಡಿ ಯೂರಿಯಾ ಉದುರಿಸಿದೆ. ಒಂದು ಬೆಳಿಗ್ಗೆ ಕಾಂಡ ಮುಟ್ಟಿದರೆ ಬುಡದಿಂದ ಕಳಚಿ ಕೈಗೆ ಬಂತು. ಬುಡ ಲೋಳೆಯಾಗಿತ್ತು, ಕೊಳೆತ ಮೀನಿನ ವಾಸನೆ. ಆ ಗಿಡ ಮಲಗಲು ಹೊರಟಿತ್ತು. ಮಲಗಲು ಬಿಡದೆ ನಾನೇ ಕೊಂದೆ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಈ ಸಭೆಗೆ ಬರುವ ಮುಂಚೆ ನಾನು ಮಾತಾಡಿಸಿದ ಬಳ್ಳಾರಿ, ರಾಯಚೂರಿನ ಗೆಳತಿಯರೆಲ್ಲ ಇದೇ ರೀತಿ ಗಿಡ ಕಳೆದುಕೊಂಡವರು.

ಮಲಗುವುದು ಅಂದರೇನು ಅಂತ ನನಗೆ ತಿಳಿದದ್ದು ಟೊರೊಂಟೊದಲ್ಲಿ, ಮಗಳ ಮನೆಯಲ್ಲಿ. ನಾನು ಹೋದದ್ದು ಸೆಪ್ಟೆಂಬರಿನಲ್ಲಿ. ಅವಳ ಅಂಗಳದಲ್ಲಿ ಹಳದಿ ಮತ್ತು ನೇರಳೆ ಬಣ್ಣದ ಕ್ಯಾಲಾ ಕುಂಡಗಳಿದ್ದವು. ಅಕ್ಟೋಬರಿನ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿವೆ. "ಅಯ್ಯ, ಹೋತಲ್ಲವ್ವಾ ಗಿಡ" ಅಂದೆ. "ಸತ್ತಿಲ್ಲವ್ವಾ ಅದು, ಮಲಗೇತಿ" ಅಂದಳು. ಅವಳು ಕತ್ತರಿ ತಂದಳು, ಕಾಂಡವನ್ನು ನಾಲ್ಕು ಬೆರಳಿನಷ್ಟು ಉಳಿಸಿ ಕತ್ತರಿಸಿದಳು, ಕುಂಡ ಬೋರಲು ಹಾಕಿ ಗಡ್ಡೆ ತೆಗೆದಳು. ಮಣ್ಣನ್ನು ಕೈಯಿಂದ ಉದುರಿಸಿದಳೇ ಹೊರತು ತೊಳೆಯಲಿಲ್ಲ. ಮನೆಯೊಳಗೆ ಗಾಳಿಯಾಡುವ ಕಡೆ ಹಳೆಯ ಪತ್ರಿಕೆ ಹಾಸಿ ನಾಲ್ಕೈದು ದಿನ ಹರವಿದಳು. ನಾವು ಉಳ್ಳಾಗಡ್ಡಿ ಕಿತ್ತ ಮೇಲೆ ನೆರಳಲ್ಲಿ ಆರಹಾಕುತ್ತೇವಲ್ಲ, ಅದೇ ಕೆಲಸ. ಗಾಯ ಒಣಗಿ ಸಿಪ್ಪೆ ಗಟ್ಟಿಯಾದ ಮೇಲೆ ಒಣ ಪೀಟ್ (ಜೌಗು ನೆಲದ ಕೊಳೆತ ಪಾಚಿಯ ಪುಡಿ) ತುಂಬಿದ ರಟ್ಟಿನ ಡಬ್ಬಿಯಲ್ಲಿ, ಒಂದಕ್ಕೊಂದು ತಾಗದ ಹಾಗೆ ಹೂತಿಟ್ಟು ನೆಲಮಾಳಿಗೆಗೆ ಒಯ್ದಳು.

ಆ ನೆಲಮಾಳಿಗೆಯ ಕತ್ತಲ ಮೂಲೆ ನೋಡಿದಾಗ ನನಗೆ ನಮ್ಮ ಹಗೇವು ನೆನಪಾಯಿತು. ಭೂಮಿಯೊಳಗೆ ಜೋಳ ಕಾಯ್ದಿಡುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕತ್ತಲೆ, ಒಣಗಿದ ಜಾಗ, ಹೆಚ್ಚು ಬಿಸಿಯೂ ಅಲ್ಲದ, ನೀರು ಹೆಪ್ಪುಗಟ್ಟುವಷ್ಟು ತಣ್ಣಗೂ ಅಲ್ಲದ ಹದ. ಕ್ಯಾಲಾ ಗಡ್ಡೆಗೆ 10ರಿಂದ 15 ಡಿಗ್ರಿ ಸೆಲ್ಸಿಯಸ್ ಸುಖವಾದ ನಿದ್ದೆ. ಹೊರಗೆ ಸೊನ್ನೆಗಿಂತ ಕೆಳಗೆ 15 ಡಿಗ್ರಿ ಇದ್ದ ದಿನವೂ ಆ ಮೂಲೆ ಹದವಾಗಿಯೇ ಇತ್ತು. ತಿಂಗಳಿಗೊಮ್ಮೆ ಡಬ್ಬಿ ತೆಗೆದು ಒಂದೊಂದನ್ನೂ ಒತ್ತಿ ನೋಡುವ ಕೆಲಸ ನನ್ನದಾಯಿತು. ಮೆತ್ತಗಾದದ್ದನ್ನು ಆಗಲೇ ಎಸೆಯಬೇಕು, ಇಲ್ಲದಿದ್ದರೆ ಪಕ್ಕದ್ದನ್ನೂ ಕೊಳೆಸುತ್ತದೆ. ಬಹಳ ಸುಕ್ಕುಗಟ್ಟಿದ್ದರೆ ಪೀಟಿನ ಮೇಲೆ ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು. ನಾನು ಮಾರ್ಚಿನಲ್ಲಿ ಊರಿಗೆ ಹೊರಟಾಗ ಅವಳು ಗಡ್ಡೆಗಳನ್ನು ಒಳಗೇ ಕುಂಡಕ್ಕೆ ಹಾಕುತ್ತಿದ್ದಳು. ಕಣ್ಣು ಮೇಲಕ್ಕೆ, ಮೂರು ನಾಲ್ಕು ಅಂಗುಲ ಆಳ. ಕುಂಡಗಳು ಹೊರಗೆ ಹೋಗುವುದು ಮೇ ತಿಂಗಳ ವಿಕ್ಟೋರಿಯಾ ದಿನದ ಹೊತ್ತಿಗೆ, ಹೆಪ್ಪುಗಟ್ಟುವ ರಾತ್ರಿಗಳು ಮುಗಿದವು ಅಂತ ಆ ಕಡೆಯ ತೋಟಗಾರರು ನಂಬುವ ಹಬ್ಬ ಅದು. ನಮಗೆ ಬಿತ್ತನೆಗೆ ರೋಹಿಣಿ ಮಳೆ ಇದ್ದ ಹಾಗೆ.

ಗಡ್ಡೆ ಕೀಳುವ ತೊಂದರೆ ಬೇಡ ಅನ್ನುವವರು ಎಲೆ ಕತ್ತರಿಸಿ ಕುಂಡವನ್ನೇ ನೆಲಮಾಳಿಗೆಗೆ ಒಯ್ದು, ನೀರು ನಿಲ್ಲಿಸಿ ಹಾಗೆಯೇ ಇಡುತ್ತಾರೆ. ಅದೂ ನಡೆಯುತ್ತದೆ. ಮಣ್ಣು ಪೂರ್ತಿ ಒಣಗಿರಬೇಕು, ಅಷ್ಟೇ.

ಈಗ ಇದರ ಒಳಗುಟ್ಟಿಗೆ ಬರೋಣ, ಯಾಕೆಂದರೆ ಇಲ್ಲೇ ನಮ್ಮ ಕಡೆಯವರು ದಾರಿ ತಪ್ಪುವುದು. ಕ್ಯಾಲಾದ ತವರು ಆಫ್ರಿಕಾದ ದಕ್ಷಿಣ ಭಾಗ. ಎಂಟು ಜಾತಿಗಳಿವೆ. ನಮ್ಮ ಕೈಗೆ ಬರುವುದು ಎರಡು ಬಗೆ. ಬಿಳಿಯದು, ಇತಿಯೋಪಿಕಾ ಅನ್ನುವುದು. ಇಥಿಯೋಪಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ, ಆ ಕಾಲದಲ್ಲಿ ಆಫ್ರಿಕಾದ ಯಾವುದಕ್ಕೂ ಹಾಗೆ ಹೆಸರಿಡುತ್ತಿದ್ದರು. ಅದರ ಬುಡ ಶುಂಠಿಯಂತೆ ಉದ್ದಕ್ಕೆ ದಪ್ಪ. ಕೇಪ್ ಟೌನ್ ಕಡೆ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಅಲ್ಲಿ ಒಣ. ಹಾಗಾಗಿ ಬಿಳಿಯದು ಚಳಿಗಾಲದಲ್ಲಿ ಬೆಳೆದು ಹೂಬಿಟ್ಟು, ನೀರು ಬತ್ತಿದ ಕಡೆ ಬೇಸಿಗೆಯಲ್ಲಿ ಮಲಗುತ್ತದೆ. ವರ್ಷವಿಡೀ ನೀರಿರುವ ಹಳ್ಳದ ದಂಡೆಯಲ್ಲಿ ಮಲಗುವುದೇ ಇಲ್ಲ, ಊಟಿಯಲ್ಲಿ ನೋಡಿದ್ದೀರಲ್ಲ. ಎರಡನೆಯದು ಬಣ್ಣದ ಬಗೆ, ಈಗ ನಿಮ್ಮ ಕೈಯಲ್ಲಿರುವ ಚಪ್ಪಟೆ ಗಡ್ಡೆ. ಇದರ ಮೂಲಜಾತಿಗಳು ಬೇಸಿಗೆ ಮಳೆಯ ಪೂರ್ವಭಾಗದವು. ಅಲ್ಲಿ ಚಳಿಗಾಲ ಒಣ, ಆಗ ಮಲಗುತ್ತವೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಬೇಸಿಗೆಯಲ್ಲಿ ಮಲಗುತ್ತದೆ, ಇನ್ನೊಂದು ಚಳಿಯಲ್ಲಿ. ಎರಡನ್ನೂ ಮಲಗಿಸುವುದು ನೀರಿಲ್ಲದ ಕಾಲ. ಗಡ್ಡೆ ಎಂಬುದು ಬರಗಾಲಕ್ಕೆ ಗಿಡ ಮಾಡಿಕೊಂಡ ಬುತ್ತಿ. ತಣ್ಣನೆಯ ದೇಶದವರು ಚಳಿಗೆ ಹೆದರಿ ಅದನ್ನು ಅಕ್ಟೋಬರಿನಲ್ಲಿ ಮಲಗಿಸುತ್ತಾರೆ. ನಾವು ಅವರ ವಿಡಿಯೋ ನೋಡಿ ಅಕ್ಟೋಬರಿನಲ್ಲೇ ಗಡ್ಡೆ ಕಿತ್ತಿಟ್ಟರೆ ನಮಗೆ ಸಿಗುವ ಒಂದೇ ಒಂದು ಒಳ್ಳೆಯ ಕಾಲವನ್ನು ಕೈಯಾರೆ ಕಳೆದುಕೊಳ್ಳುತ್ತೇವೆ, ಮಾರ್ಚಿನಲ್ಲಿ ನೆಟ್ಟು ಏಪ್ರಿಲ್‌ ಬಿಸಿಲಿಗೆ ಕೊಡುತ್ತೇವೆ. ಬಳ್ಳಾರಿಯ ನನ್ನ ತಂಗಿ ಸರಿಯಾಗಿ ಹೀಗೇ ಮಾಡಿದಳು. ಮೊಳಕೆ ಗೇಣುದ್ದ ಬಂದು ಕಮರಿತು. ಮಣ್ಣಿನ ಬಿಸಿ 25-28 ಡಿಗ್ರಿ ದಾಟಿದರೆ ಕ್ಯಾಲಾಕ್ಕೆ ಹೂವಿನ ಆಸೆ ಬಿಡಬೇಕು, ಕೊಳೆಯೂ ಜೋರಾಗುತ್ತದೆ. ನಮ್ಮಲ್ಲಿ ಮೇ ತಿಂಗಳ ಗಾಳಿಯೇ 40 ದಾಟುವಾಗ ಆರ್‌ಸಿಸಿ ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಕುಂಡದ ಮಣ್ಣಿಗೆ ಬೆರಳು ಹಾಕಿ ನೋಡಿ, ಸುಡುತ್ತದೆ.

ಆದ್ದರಿಂದ ನಮ್ಮ ಲೆಕ್ಕ ಹೀಗೆ: ಸೀಗಿ ಹುಣ್ಣಿಮೆಯಿಂದ ದೀಪಾವಳಿಯ ಒಳಗೆ ನೆಡುವುದು. ಬಣ್ಣದ ಗಡ್ಡೆ ಎರಡರಿಂದ ಮೂರು ತಿಂಗಳಿಗೆ ಹೂ ಬಿಡುತ್ತದೆ, ಅಂದರೆ ಎಳ್ಳಮಾಸಿ, ಸಂಕ್ರಾಂತಿಯ ಹೊತ್ತಿಗೆ. ಹೋಳಿಗೆ ನೀರು ಕಡಿಮೆ ಮಾಡುತ್ತ ಬಂದು ಎಲೆ ಹಳದಿಯಾದ ಕೂಡಲೇ ಪೂರ್ತಿ ನಿಲ್ಲಿಸುವುದು. ಬಿಳಿಯದಕ್ಕೂ ಇದೇ ಕಾಲ, ಅದರ ತವರಿನ ಒಣ ಬೇಸಿಗೆಯ ನಿದ್ದೆಗೂ ಇದು ಹೊಂದುತ್ತದೆ. ತಮಾಷೆಯೆಂದರೆ ತಣ್ಣನೆಯ ದೇಶದಲ್ಲಿ ಬಿಳಿಯದನ್ನು ಒಣಗಿಸಿ ಡಬ್ಬಿಗೆ ಹಾಕಿದರೆ ಅದಕ್ಕೆ ಸೇರದು. ಅಲ್ಲಿ ಅದನ್ನು ಕುಂಡಸಮೇತ ಮನೆಯೊಳಗಿನ ತಂಪು ಕಿಟಕಿಯಲ್ಲಿಟ್ಟು, ಸ್ವಲ್ಪ ಸ್ವಲ್ಪ ನೀರು ಕೊಟ್ಟು ಹಸಿರಾಗಿಯೇ ಚಳಿ ದಾಟಿಸುತ್ತಾರೆ.

ಮಣ್ಣಿನ ಮಾತು. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಬೇಡವೇ ಬೇಡ. ಹತ್ತಿಗೆ, ಕಡಲೆಗೆ ಅದು ಬಂಗಾರ. ಕುಂಡದಲ್ಲಿ ಅದೇ ಮಣ್ಣು ಒದ್ದೆಯಾದಾಗ ಅಂಟು, ಒಣಗಿದಾಗ ಬಿರುಕು, ಎರಡೂ ಗಡ್ಡೆಗೆ ಕೇಡು. ಮಸಾರಿ ಅನ್ನುವ ಕೆಂಪು ಮಣ್ಣು ಎರಡು ಪಾಲು, ನೆನೆಸಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ಜೊತೆಗೆ ದಪ್ಪ ಮರಳು ಒಂದೆರಡು ಬೊಗಸೆ. ಕುಂಡ ಮಣ್ಣಿನದೇ ಇರಲಿ. ಅದರ ಮೈಯಿಂದ ನೀರು ಆವಿಯಾಗಿ ಒಳಗೆ ತಂಪಾಗಿರುತ್ತದೆ, ನಮ್ಮ ಹರವಿಯ ನೀರಿನ ಹಾಗೆ. ಒಲೆಯ ಬೂದಿ ಹಾಕುವ ರೂಢಿ ಹಲವರಿಗಿದೆ, ಇದಕ್ಕೆ ಹಾಕಬೇಡಿ. ನಮ್ಮ ಮಣ್ಣು ನೀರು ಎರಡೂ ಮೊದಲೇ ಕ್ಷಾರ, ಈ ಗಿಡಕ್ಕೆ ತುಸು ಹುಳಿಯಾದ ಮಣ್ಣು ಬೇಕು.

ನೀರಿನ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳುತ್ತೇನೆ, ಸಹಿಸಿಕೊಳ್ಳಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದವರಿಗೆ ಸವಳು ಅಂದರೇನು ಅಂತ ನಾನು ವಿವರಿಸಬೇಕಿಲ್ಲ. ಕಾಲುವೆ ನೀರು ನಿಂತು ನಿಂತು ಹೊಲದ ಮೇಲೆ ಬಿಳಿ ಪೊರೆ ಕಟ್ಟಿದ್ದನ್ನು ಕಂಡಿದ್ದೀರಿ. ಬೋರ್‌ವೆಲ್ ನೀರು ಹಾಕುವ ಕುಂಡದೊಳಗೂ ಅದೇ ನಡೆಯುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಂಡರೆ, ಎಲೆಯ ಅಂಚು ಕಂದಾಗಿ ಸುಟ್ಟಂತೆ ಕಂಡರೆ ಅದು ಉಪ್ಪು. ಮನೆಯ ಆರ್‌ಒ ಯಂತ್ರದಿಂದ ಹೊರಬರುವ ನೀರು ದಂಡವಾಗುತ್ತದಲ್ಲ ಅಂತ ಕುಂಡಗಳಿಗೆ ಹಾಕುವವರು ಬಹಳ ಜನ. ಉಪ್ಪೆಲ್ಲ ಸೇರಿ ಗಟ್ಟಿಯಾದ ನೀರು ಅದು, ನೆಲ ಒರೆಸಲು ಬಳಸಿ, ಗಿಡಕ್ಕೆ ಬೇಡ. ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ತಿಂಗಳಿಗೊಮ್ಮೆ ಕುಂಡದ ತಳದಿಂದ ಧಾರಾಳವಾಗಿ ಹರಿದು ಹೋಗುವಷ್ಟು ನದಿ ನೀರು ಹಾಕಿ ಉಪ್ಪು ತೊಳೆಯಿರಿ. ದಿನದ ಅಳತೆಗೆ ಬೆರಳೇ ಸಾಕು. ಎರಡು ಗೆಣ್ಣು ಮಣ್ಣಿಗೆ ಇಳಿಸಿ, ಒಳಗೆ ತೇವ ತಾಗಿದರೆ ಇವತ್ತು ಬೇಡ. ಮೊಳಕೆ ಮಣ್ಣಿನಿಂದ ಹೊರಬರುವವರೆಗೆ ಬಹಳ ಬಿಗಿ ಹಿಡಿಯಬೇಕು. ಬೇರಿಲ್ಲದ ಗಡ್ಡೆ ನೀರು ಕುಡಿಯದು, ನೆನೆಯುತ್ತದೆ. ಎಲೆ ತುಂಬಿಕೊಂಡ ಮೇಲೆ ಕೈ ಸಡಿಲಿಸಿ. ನವೆಂಬರ್ ಡಿಸೆಂಬರಿನ ಬೆಳಿಗ್ಗೆ ಆರಕ್ಕೆ ಎದ್ದು ನೋಡಿ, ಎಲೆಯ ಚೂಪು ತುದಿಯಲ್ಲಿ ಒಂದು ಹನಿ ನಿಂತಿರುತ್ತದೆ. ಇಬ್ಬನಿಯಾಗಿದ್ದರೆ ಎಲೆ ಪೂರ್ತಿ ಒದ್ದೆಯಾಗಬೇಕಿತ್ತು. ಇದು ಬೇರು ಕುಡಿದ ನೀರನ್ನು ಗಿಡವೇ ಹೊರಗೆ ಬಿಟ್ಟದ್ದು. ಆ ಹನಿ ಕಂಡ ದಿನ ನಾನು ಗಿಡದ ಬಗ್ಗೆ ಚಿಂತೆ ಮಾಡುವುದಿಲ್ಲ.

ಬಿಸಿಲು ಬೆಳಗಿನ ಮೂರು ನಾಲ್ಕು ತಾಸು ಸಾಕು, ಪೂರ್ವದ ಕಡೆ. ಮಧ್ಯಾಹ್ನಕ್ಕೆ ನೆರಳು ಅಥವಾ ಹಸಿರು ನೆಟ್. ಗೊಬ್ಬರದಲ್ಲಿ ಸಾರಜನಕ ಕಡಿಮೆ ಇರಲಿ. ಯೂರಿಯಾ ಕಂಡರೆ ಇದು ಎಲೆ ಎಲೆಯಾಗಿ ಉಬ್ಬಿ, ಹೂ ಮರೆತು, ಕೊಳೆಗೆ ಬಾಗಿಲು ತೆರೆಯುತ್ತದೆ. ಹೂ ಮುಗಿದ ಮೇಲೆ ಎಲೆಗಳನ್ನು ಕತ್ತರಿಸುವ ಆತುರ ಬೇಡ. ಮುಂದಿನ ವರ್ಷದ ಗಡ್ಡೆ ತುಂಬುವುದು ಆ ಎಲೆಗಳಿಂದ. ಅವು ತಾವಾಗಿಯೇ ಹಳದಿಯಾಗಲಿ.

ಮೆಣಸಿನಕಾಯಿ ಹೊಲದ ಸಮೀಪ ಇರುವವರು ಥ್ರಿಪ್ಸ್ ಎಂಬ ಸಣ್ಣ ಕೀಟದ ಮೇಲೆ ಕಣ್ಣಿಡಿ. ಹೂವಿನ ಸುರುಳಿಯೊಳಗೆ ಅಡಗಿ ಕುಳಿತು ಕೆರೆದು ಬೆಳ್ಳಿಗೆರೆ ಮಾಡುತ್ತವೆ. ಬೇವಿನ ಎಣ್ಣೆಯ ದ್ರಾವಣ ಸಂಜೆ ಹೊತ್ತು ಸಿಂಪಡಿಸಿ. ಎಲೆಯಲ್ಲಿ ಹಸಿರು ಹಳದಿ ಚುಕ್ಕೆ ಪಟ್ಟೆ ಬಂದು ಮುರುಟಿದರೆ ಅದು ನಂಜುರೋಗ, ಕೆಸುವಿಗೂ ಕ್ಯಾಲಾಕ್ಕೂ ಒಂದೇ ವೈರಸ್ ತಾಗುತ್ತದೆ, ಅಂಥ ಗಿಡ ಉಳಿಸಿಕೊಳ್ಳಬೇಡಿ. ಇನ್ನೊಂದು ಮಾತು, ಮನೆಯಲ್ಲಿ ಕೂಸುಗಳಿದ್ದವರಿಗೆ. ಕೆಸುವಿನ ತುರಿಕೆ ಗೊತ್ತಿದೆಯಲ್ಲ, ಸೂಜಿಯಂಥ ಆಕ್ಸಲೇಟ್ ಹರಳು. ಇದರ ಎಲೆ, ಕಾಂಡ, ಗಡ್ಡೆ ಎಲ್ಲದರಲ್ಲೂ ಅದಿದೆ. ಹುಣಸೆಹಣ್ಣು ಹಾಕಿ ಬೇಯಿಸಿ ತಿನ್ನುವ ಗಡ್ಡೆ ಇದಲ್ಲ. ಕೂಸು, ನಾಯಿ, ಆಕಳು ಬಾಯಿ ಹಾಕದ ಕಡೆ ಇಡಿ. ಈಗ ಮುಟ್ಟಿದವರೂ ಚಹಾ ಕುಡಿಯುವ ಮುಂಚೆ ಕೈ ತೊಳೆದುಕೊಳ್ಳಿ.

ಎಲ್ಲಕ್ಕಿಂತ ಕಷ್ಟದ್ದು ಬೇಸಿಗೆ. ನಮ್ಮಲ್ಲಿ ನೆಲಮಾಳಿಗೆ ಇಲ್ಲ, 15 ಡಿಗ್ರಿ ಎಲ್ಲಿಂದ ತರುವುದು? ಮೊದಲ ವರ್ಷ ನಾನು ಮನೆಯಲ್ಲಿ ತಂಪಾದ ಜಾಗ ಹುಡುಕಿ ಅಡುಗೆಮನೆಯ ಹರವಿಯ ಪಕ್ಕ ಇಟ್ಟೆ. ತಂಪೇನೋ ಇತ್ತು, ಜೊತೆಗೆ ಹರವಿ ಸೋರಿದ ತೇವವೂ ಇತ್ತು. ಐದರಲ್ಲಿ ನಾಲ್ಕು ಗಡ್ಡೆ ಲೋಳೆಯಾದವು, ಮತ್ತದೇ ಮೀನಿನ ವಾಸನೆ. ಅದು ಬ್ಯಾಕ್ಟೀರಿಯಾ ಕೊಳೆ, ಬಿಸಿ ಮತ್ತು ತೇವ ಕೂಡಿದರೆ ಎರಡೇ ದಿನದಲ್ಲಿ ಗಡ್ಡೆಯನ್ನು ಗಂಜಿ ಮಾಡುತ್ತದೆ, ಔಷಧಿ ಇಲ್ಲ. ಆಗ ತಿಳಿದದ್ದು: ತಂಪು ಮತ್ತು ಒಣ ಎರಡೂ ಒಟ್ಟಿಗೆ ಸಿಗದಿದ್ದರೆ ಒಣಗಿದ ಜಾಗವನ್ನೇ ಆರಿಸಬೇಕು. ಸುಕ್ಕುಗಟ್ಟಿದ ಗಡ್ಡೆ ಚಿಗುರೀತು, ಕೊಳೆತದ್ದು ಚಿಗುರದು.

ಮರುವರ್ಷ ಯಲಬುರ್ಗಾ ಕಡೆಯ ನನ್ನ ತವರುಮನೆಗೆ ಒಯ್ದೆ. ಹಳೆಯ ಮಣ್ಣಿನ ಮಾಳಿಗೆ ಮನೆ, ಗೋಡೆ ಎರಡು ಮೊಳ ದಪ್ಪ. ನಡುಮನೆಯ ಕತ್ತಲಲ್ಲಿ ಅವ್ವನ ಅಡಕಲ ಗಡಿಗೆಗಳು ಇನ್ನೂ ನಿಂತಿವೆ. ಪೀಟ್ ಬದಲಿಗೆ ಗಂಗಾವತಿ ರೈಸ್ ಮಿಲ್ಲಿನ ಭತ್ತದ ಹೊಟ್ಟು. ಚೆನ್ನಾಗಿ ಬಿಸಿಲಿಗೆ ಹಾಕಿ, ಆರಿಸಿ, ಗಡಿಗೆಯಲ್ಲಿ ಒಂದು ಪದರ ಹೊಟ್ಟು, ಅದರ ಮೇಲೆ ಗಡ್ಡೆ, ಮತ್ತೆ ಹೊಟ್ಟು. ಬಾಯಿಗೆ ತೆಳು ಬಟ್ಟೆ. ಏಳು ಗಡ್ಡೆ ಇಟ್ಟು ಆರು ಹೊರತೆಗೆದೆ. ನೀವು ಮುಟ್ಟಿದ್ದು ಅದರಲ್ಲಿ ಮೂರು. ಮಾಳಿಗೆ ಮನೆ ಇಲ್ಲದವರು ಉತ್ತರದ ಕೋಣೆಯ ಅಟ್ಟದ ಮೇಲಲ್ಲ, ನೆಲದ ಮೇಲೆ, ಮಂಚದ ಕೆಳಗೆ ಇಡಿ. ಬಿಳಿಯದನ್ನು ನಾನು ಕೀಳುವುದಿಲ್ಲ. ಕುಂಡವನ್ನೇ ನೆರಳಿನ ಗೋಡೆಗೆ ಸರಿಸಿ, ಮೇಲೆ ಒಣ ಎಲೆ ಮುಚ್ಚಿ, ಇಪ್ಪತ್ತು ದಿನಕ್ಕೊಮ್ಮೆ ಅಂಚಿಗುಂಟ ಒಂದು ಲೋಟ ನೀರು. ಮಳೆಗಾಲದಲ್ಲಿ ಮಳೆ ತಾಗದ ಕಡೆ.

ಕೇಳಿ ಅಕ್ಕಾರೆ, ನೀವು ಆಗಿನಿಂದ ಕೈ ಎತ್ತಿದ್ದೀರಿ. "ಫ್ರಿಜ್ಜಿನ್ಯಾಗ ಇಟ್ರ ನಡಿತೈತೇನ್ರಿ?" ನಡೆಯುತ್ತದೆ, ಆದರೆ ಎಚ್ಚರದಿಂದ. ತಳದ ತರಕಾರಿ ಡಬ್ಬಿಯಲ್ಲಿ, ಪತ್ರಿಕೆಯಲ್ಲಿ ಸುತ್ತಿ, ಬಾಳೆಹಣ್ಣು ಸೇಬು ಇಲ್ಲದ ಕಡೆ. ಹಣ್ಣು ಬಿಡುವ ಅನಿಲ ಮೊಗ್ಗನ್ನು ಕೆಡಿಸುತ್ತದೆ. ಮೇಲಿನ ಖಾನೆಯ ತಣ್ಣಗೆ ಇದಕ್ಕೆ ಅತಿಯಾಯಿತು. ಮತ್ತೆ ಮನೆಯವರಿಗೆಲ್ಲ ಹೇಳಿಟ್ಟಿರಿ, ಸುವರ್ಣಗಡ್ಡೆ ಅಂತ ಯಾರಾದರೂ ಹೆಚ್ಚಿಬಿಟ್ಟಾರು.

ಅಣ್ಣಾರ ಪ್ರಶ್ನೆ, ಆಗಸ್ಟಿನಲ್ಲೇ ಮೊಳಕೆ ಬಂದುಬಿಟ್ಟರೆ? ಬಂದರೆ ಬರಲಿ. ಎದ್ದ ಗಿಡವನ್ನು ಬಲವಂತವಾಗಿ ಮಲಗಿಸಲಾಗದು. ಕುಂಡಕ್ಕೆ ಹಾಕಿ, ನೆರಳಲ್ಲಿಡಿ, ಹೂವು ಸಣ್ಣದಾದರೂ ಗಡ್ಡೆ ಉಳಿಯುತ್ತದೆ.

ಮೂರೂ ಗಡ್ಡೆ ಮರಳಿ ಬಂದವಲ್ಲ? ಇವನ್ನು ನಾನು ಹೊರಳಿ ಒಯ್ಯುವುದಿಲ್ಲ. ಯಾರಿಗೆ ಬೇಕೋ ತೆಗೆದುಕೊಳ್ಳಿ. ದೊಡ್ಡದಕ್ಕೆ ಎರಡು ಕಣ್ಣಿವೆ, ಚಾಕು ಬಿಸಿನೀರಲ್ಲಿ ಅದ್ದಿ ಇಬ್ಭಾಗ ಮಾಡಬಹುದು, ಮಾಡಿದರೆ ಕತ್ತರಿಸಿದ ಮುಖ ಮೂರು ದಿನ ಆರಲಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಯ್ಯಬೇಡಿ, ಬಸ್ಸಿನ ಸೆಕೆಗೆ ಬೆವರುತ್ತದೆ. ಕರವಸ್ತ್ರದಲ್ಲಿ ಸಡಿಲಾಗಿ ಸುತ್ತಿಕೊಳ್ಳಿ, ಕಣ್ಣು ಮೇಲಿರಲಿ.